ಹೂಟರ್ ಆದಮೇಲೆ: ಕಷ್ಟಪಟ್ಟು ಗೆದ್ದ ತಂಡದ ಅಭಿಮಾನಿಗೆ ಒಂದು ಕೈಪಿಡಿ

ಸೋತ ದಿನ ಏನು ಮಾಡಬೇಕು ಅಂತ ಅಭಿಮಾನಿಗೆ ಯಾರೂ ಹೇಳಿಕೊಡಬೇಕಿಲ್ಲ. ಟಿವಿ ಆರಿಸಿ ಮುಸುಕು ಹಾಕಿ ಮಲಗಿದರೆ ಆಯ್ತು. ಎಡವಟ್ಟು ಆಗೋದೆಲ್ಲ ಗೆದ್ದ ದಿನವೇ. ಅದರಲ್ಲೂ ಹಳೇ ಎದುರಾಳಿಯನ್ನು ಒಂದೇ ಗೋಲಿನಿಂದ, ಕೊನೇ ನಿಮಿಷದವರೆಗೂ ಹೆಣಗಾಡಿ ಸೋಲಿಸಿದ ದಿನ ತಲೆ ನಿಲ್ಲೋದಿಲ್ಲ, ನಾಲಿಗೆಯೂ ನಿಲ್ಲೋದಿಲ್ಲ.

ನಾನು 6 ವರ್ಷ ಹಾಕಿಯಲ್ಲಿ ಲೆಫ್ಟ್ ಹಾಫ್, ಅಂದರೆ ಎಡಗಡೆ ಕಾಯುವ ಜಾಗದಲ್ಲಿ ಆಡಿದವನು. ಆಡಿದ್ದಕ್ಕಿಂತ ಬೆಂಚಿನ ಮೇಲೆ ಕೂತಿದ್ದೇ ಜಾಸ್ತಿ. ಆಮೇಲೆ 22 ವರ್ಷ ಬರೀ ಅಭಿಮಾನಿ. ಗೆದ್ದ ದಿನ ಮಾಡಬಾರದ ತಪ್ಪುಗಳನ್ನೆಲ್ಲ ಒಂದು ಸುತ್ತು ಮಾಡಿ ಮುಗಿಸಿದ್ದೇನೆ. ಅದನ್ನೇ ಬಂಡವಾಳ ಮಾಡಿಕೊಂಡು ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ನಮ್ಮ ಕ್ಲಬ್ಬು ತನ್ನ ಹಳೇ ಎದುರಾಳಿಯನ್ನು 2-1ರಿಂದ ಗೆದ್ದ ಒಂದು ಫೈನಲ್ ಇದೆ. ಮತ್ತೆ ಮತ್ತೆ ಅಲ್ಲಿಗೇ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು, ಆಟ ನಿಜವಾಗಿ ಮುಗಿದಿದೆಯಾ ನೋಡಿ

ಸಮಯ ಮುಗಿಯಿತು ಅಂತ ಹೂಟರ್ ಕೂಗಿದ ಕೂಡಲೇ ಎದ್ದು ಕುಣಿಯಬೇಡಿ. ಹಾಕಿಯಲ್ಲಿ ಸಮಯ ಮುಗಿಯೋದು ಬೇರೆ, ಆಟ ಮುಗಿಯೋದು ಬೇರೆ. ಹೂಟರ್‌ಗೆ ಮುಂಚೆ ಅಂಪೈರ್ ಪೆನಾಲ್ಟಿ ಕಾರ್ನರ್ (ಗೋಲಿನ ಹತ್ತಿರ ಆದ ತಪ್ಪಿಗೆ ಎದುರು ತಂಡಕ್ಕೆ ಸಿಗುವ ಹೊಡೆತ) ಕೊಟ್ಟಿದ್ದರೆ ಅದನ್ನು ಆಡಿಸಿಯೇ ತೀರಬೇಕು. ಹಾಗಾಗಿ ಗಡಿಯಾರ ನೋಡಬೇಡಿ, ಅಂಪೈರ್ ಕೈ ನೋಡಿ. ಎರಡೂ ಕೈ ಗೋಲಿನ ಕಡೆಗೆ ಚಾಚಿದ್ದರೆ ಸುಮ್ನೆ ಕೂತುಕೊಳ್ಳಿ.

ನಾನು ಕೂರಲಿಲ್ಲ. ಆ ಫೈನಲ್‌ನಲ್ಲಿ ಹೂಟರ್ ಆಯ್ತು ಅಂತ ಕುರ್ಚಿ ಮೇಲೆ ಹತ್ತಿ ನಿಂತೆ. ಪಕ್ಕದವರನ್ನು ತಬ್ಬಿಕೊಳ್ಳಲು ಹೋದರೆ ಅವರು ತಬ್ಬಿಕೊಳ್ಳಲಿಲ್ಲ. ಯಾಕೆ ಅಂತ ನೋಡಿದರೆ ನಮ್ಮ 4 ಜನ ಮತ್ತು ಗೋಲಿ (ಗೋಲ್‌ಕೀಪರ್) ಗೋಲ್ ಲೈನಿನ ಹಿಂದೆ ಮಾಸ್ಕ್ ಹಾಕಿಕೊಳ್ಳುತ್ತಿದ್ದಾರೆ. ಎದುರಾಳಿಗೆ ಕೊನೇ ಕಾರ್ನರ್! ಕುರ್ಚಿಯಿಂದ ಇಳಿಯೋದು ಹತ್ತಿದ್ದಕ್ಕಿಂತ ಕಷ್ಟ ಅಂತ ಅವತ್ತು ಗೊತ್ತಾಯ್ತು.

ಟೋಕಿಯೋ ಒಲಿಂಪಿಕ್ಸ್ ನೆನಪಿರಬೇಕಲ್ವಾ? 2021ರ ಆಗಸ್ಟ್ 5, ಕಂಚಿನ ಪದಕದ ಪಂದ್ಯ. ಜರ್ಮನಿ ವಿರುದ್ಧ ಭಾರತ 1-3 ಹಿಂದಿತ್ತು, ಅಲ್ಲಿಂದ 5-4ಕ್ಕೆ ಬಂತು. 41 ವರ್ಷದ ನಂತರ ಹಾಕಿಯಲ್ಲಿ ಪದಕ. ಆದರೆ ಕೊನೇ ಸೆಕೆಂಡುಗಳಲ್ಲಿ ಜರ್ಮನಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ನಮ್ಮ ಗೋಲಿ ಶ್ರೀಜೇಶ್ ಅದನ್ನು ತಡೆದರು. ಗೋಲ್ ಕಂಬದ ಮೇಲೆ ಹತ್ತಿ ಕೂತಿದ್ದು ಅದೆಲ್ಲ ಆದಮೇಲೆ. ಗೋಲಿಯೇ ಅಷ್ಟು ಹೊತ್ತು ಕಾದ ಮೇಲೆ ನಮಗೇನು ಅವಸರ?

ಮೊದಲ 10 ನಿಮಿಷ

ಈ ಹೊತ್ತಿಗೆ ನಿಯಮ ಏನೂ ಇಲ್ಲ. ಕೂಗಿ. ಅಳು ಬಂದರೆ ಅಳಿ. ಗಂಟಲು ಹೋದರೆ ರಾತ್ರಿ ಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ, ಮಾರನೇ ದಿನ ಕಡಿಮೆ ಮಾತಾಡಿ.

ಕೂಗುತ್ತಲೇ ಒಂದು ಕೆಲಸ ಮಾಡಿ: ಕಣ್ಣು ಮೈದಾನದ ಮೇಲಿರಲಿ. ಗೋಲು ಹೊಡೆದವನ ಮೇಲೆ ಎಲ್ಲರೂ ಬಿದ್ದಿರುತ್ತಾರೆ, ಅದನ್ನು ಕ್ಯಾಮೆರಾ ಹೇಗೂ ತೋರಿಸುತ್ತದೆ. ನೀವು ನೋಡಬೇಕಾದ್ದು ಆ ಗುಂಪಿಗೆ ಸೇರದೆ ಹಿಂದೆ ಉಳಿದವರನ್ನು. ಟರ್ಫ್ ಮೇಲೆ ಅಂಗಾತ ಮಲಗಿದವನು ಯಾರು? ಮಂಡಿ ಮೇಲೆ ಕೈಯೂರಿ ಬಗ್ಗಿದವನು ಯಾರು? ಅವರ ನಂಬರ್ ನೆನಪಿಟ್ಟುಕೊಳ್ಳಿ. ಮುಂದೆ ಕೆಲಸಕ್ಕೆ ಬರುತ್ತದೆ.

ಎದುರಾಳಿ ಕಡೆಯ ಗೆಳೆಯನಿಗೆ ಮೆಸೇಜ್

ಅವತ್ತು ರಾತ್ರಿ ಕಳಿಸಲೇಬೇಡಿ. ಬೆರಳು ತುರಿಸುತ್ತದೆ, ಗೊತ್ತು. ಫೋನನ್ನು ಬೇರೆ ಕೋಣೆಯಲ್ಲಿಡಿ.

ಚಿಕ್ಕಂದಿನಿಂದಲೂ ಎದುರಾಳಿ ಕ್ಲಬ್ಬಿನ ಪರ ಇರುವ ಗೆಳೆಯ ನನಗೊಬ್ಬ ಇದ್ದಾನೆ. ನಾವು ಸೋತಾಗಲೆಲ್ಲ ಅವನಿಂದ ಸಾಕಷ್ಟು ಕೇಳಿಸಿಕೊಂಡಿದ್ದೆ. ಆ ಫೈನಲ್ ಗೆದ್ದ ರಾತ್ರಿ ಸಾಲ ತೀರಿಸಿಬಿಡೋಣ ಅನ್ನಿಸಿತು. ‘ಏನೋ, ನಿಮ್ಮ ಗೋಲಿ ನಿದ್ದೆ ಮಾಡ್ತಿದ್ನಾ?’ ಅಂತ ಬರೆದು ಕಳಿಸಿದೆ. ಉತ್ತರ ಬರಲಿಲ್ಲ. 2 ದಿನ ಬಿಟ್ಟು ಒಂದೇ ಸಾಲು ಬಂತು: ‘ಅವನು ನನ್ನ ಅಕ್ಕನ ಮಗ ಕಣೋ.’

ಆಗಿದ್ದು ಇಷ್ಟು. ಅವರ ಮೊದಲಿನ ಗೋಲ್‌ಕೀಪರ್‌ಗೆ ತೊಡೆ ಹಿಡಿದುಕೊಂಡಿತ್ತು. 3ನೇ ಕ್ವಾರ್ಟರ್‌ನಲ್ಲಿ ಅವರು ಗೋಲಿ ಬದಲಿಸಿದ್ದರು. ಹೆಲ್ಮೆಟ್ಟು, ಪ್ಯಾಡು ಹಾಕಿಕೊಂಡರೆ ಎಲ್ಲ ಗೋಲಿಗಳೂ ಒಂದೇ ಥರ ಕಾಣುತ್ತಾರೆ, ನಾನು ಬೆನ್ನಿನ ನಂಬರ್ ಕಡೆ ನೋಡಿರಲೇ ಇಲ್ಲ. ಹುಡುಗನಿಗೆ ಅದು ಮೊದಲ ಫೈನಲ್. ನಾನು ಗಂಟಲು ಹರಿದುಕೊಂಡು ನೋಡಿದ ಪಂದ್ಯದಲ್ಲಿ ಅರ್ಧವನ್ನು ನೋಡಿಯೇ ಇಲ್ಲ ಅಂತ ಆಗ ಅರ್ಥವಾಯ್ತು. ಆಮೇಲೇ ನೋಟ್‌ಬುಕ್ ತಂದಿದ್ದು.

ಪಂದ್ಯವನ್ನು ಮತ್ತೆ ನೋಡೋದು ಹೇಗೆ

ಮಾರನೇ ದಿನ ಬೆಳಿಗ್ಗೆ ರೆಕಾರ್ಡಿಂಗ್ ಹಾಕಿ. ಸೌಂಡ್ ತೆಗೆದುಬಿಡಿ. ಕಾಮೆಂಟರಿಯವರು ಎಲ್ಲಿ ಕೂಗಬೇಕು ಅಂತ ಹೇಳಿಕೊಡುತ್ತಾರೆ, ನಿಮಗೆ ಅದು ಬೇಡ. ಪಂದ್ಯ 15 ನಿಮಿಷದ 4 ಕ್ವಾರ್ಟರ್ ಅಲ್ವಾ, ಕೊನೇದರಿಂದ ಶುರು ಮಾಡಿ. ಫಲಿತಾಂಶ ಗೊತ್ತಿರೋದರಿಂದ ಎದೆ ಹೊಡೆದುಕೊಳ್ಳೋದಿಲ್ಲ, ಕಣ್ಣು ತಿಳಿಯಾಗಿರುತ್ತದೆ.

ನೋಟ್‌ಬುಕ್ಕಿನ ಹಾಳೆ ಮಧ್ಯ ಒಂದು ಗೆರೆ ಎಳೆಯಿರಿ. ಎಡಕ್ಕೆ ನಾವು, ಬಲಕ್ಕೆ ಅವರು. ಚೆಂಡು ಡಿ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ಹೋದಾಗಲೆಲ್ಲ ಒಂದು ಗೀಟು. ಪೆನಾಲ್ಟಿ ಕಾರ್ನರ್ ಆದರೆ ಗೀಟಿಗೆ ಒಂದು ಸುತ್ತು. ಗೋಲಿ ತಡೆದರೆ ಒಂದು ಚುಕ್ಕೆ. ಇಷ್ಟೇ ಸಾಕು. ಇದಕ್ಕಿಂತ ಜಾಸ್ತಿ ಬರೆಯಲು ಹೋದರೆ ಆಟ ನೋಡೋದು ಬಿಟ್ಟು ಲೆಕ್ಕ ಬರೆಯೋ ಗುಮಾಸ್ತ ಆಗಿಬಿಡುತ್ತೀರಿ.

ಆ ಫೈನಲ್‌ನ ನನ್ನ ಹಾಳೆಯಲ್ಲಿ ಎಡಕ್ಕೆ 11 ಗೀಟು, ಬಲಕ್ಕೆ 19. ಕಾರ್ನರ್ ನಮಗೆ 3, ಅವರಿಗೆ 7. ‘ಅವರನ್ನು ಆಟದಲ್ಲೇ ಮುಗಿಸಿಬಿಟ್ವಿ’ ಅಂತ ಹಿಂದಿನ ರಾತ್ರಿ ಎಷ್ಟು ಜನಕ್ಕೆ ಹೇಳಿದ್ದೆನೋ! ಹಾಳೆ ನೋಡಿದರೆ ಮುಗಿಯಬೇಕಾಗಿದ್ದವರು ನಾವು.

ಇನ್ನು ಗೆಲುವಿನ ಗೋಲು. ಅದನ್ನು ನೋಡಬೇಡಿ, ಈಗಾಗಲೇ 20 ಸಲ ನೋಡಿರುತ್ತೀರಿ. ಅದಕ್ಕೆ ಒಂದೆರಡು ನಿಮಿಷ ಹಿಂದೆ ಹೋಗಿ. ನಮ್ಮ ಗೋಲು ಬಂದಿದ್ದು 57ನೇ ನಿಮಿಷದಲ್ಲಿ, ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಎಸೆಯುವ ಡ್ರ್ಯಾಗ್ ಫ್ಲಿಕ್‌ನಿಂದ. ಫ್ಲಿಕ್ ಹೊಡೆದವನ ಹೆಸರನ್ನೇ ಎಲ್ಲರೂ ಜಪ ಮಾಡಿದ್ದು. ಹಿಂದಕ್ಕೆ ಹೋಗಿ ನೋಡಿದರೆ ಕಥೆ ಬೇರೆಯೇ ಇತ್ತು.

ಅವರ ರೈಟ್ ವಿಂಗರ್ ಸೈಡ್‌ಲೈನ್ ಹಿಡಿದು ಓಡಿ ಬರುತ್ತಿದ್ದಾನೆ. ನಮ್ಮ ಲೆಫ್ಟ್ ಹಾಫ್ ಅವನಿಗಿಂತ ಒಂದು ಹೆಜ್ಜೆ ಹಿಂದೆ ಬಿದ್ದಿದ್ದಾನೆ. ಈ ಕಡೆ ಬಂದವನನ್ನು ಉಲ್ಟಾ ಸ್ಟಿಕ್‌ನಿಂದಲೇ ತಡೆಯಬೇಕು. ಸ್ವಲ್ಪ ತಪ್ಪಿದರೆ ಕಾಲಿಗೆ ಬಡಿದು ಫೌಲ್, ಆ ಹೊತ್ತಿನಲ್ಲಿ ಕಾರ್ಡೇ ಬಂದರೂ ಬಂತು. ಇವನು ಸ್ಟಿಕ್ಕನ್ನು ಟರ್ಫ್‌ಗೆ ಚಪ್ಪಟೆಯಾಗಿ ಮಲಗಿಸಿದ. ಗೆಣ್ಣು ಟರ್ಫ್‌ಗೆ ಉಜ್ಜಿಕೊಂಡು ಹೋಯ್ತು. ಚೆಂಡು ‘ಟಕ್’ ಅಂತ ಸ್ಟಿಕ್ಕಿನಲ್ಲೇ ನಿಂತಿತು. ವಿಂಗರ್ ಇವನ ಮೇಲೆ ಎಡವಿದ, ಅಂಪೈರ್ ನಮಗೆ ಫ್ರೀ ಹಿಟ್ ಕೊಟ್ಟರು. ಇವನು ಕೂತು ಉಸಿರು ತಗೊಳ್ಳಲಿಲ್ಲ. ಎದ್ದವನೇ ಸೆಲ್ಫ್ ಪಾಸ್, ಅಂದರೆ ಚೆಂಡನ್ನು ತನಗೆ ತಾನೇ ಕೊಟ್ಟುಕೊಂಡು ಹೊರಟ. ವಿಂಗರ್ 5 ಮೀಟರ್ ದೂರ ಸರಿಯದೆ ಅಡ್ಡ ಬಂದ, ಹಸಿರು ಕಾರ್ಡ್ ಬಿತ್ತು. 2 ನಿಮಿಷ ಅವರು 10 ಜನ, ನಮ್ಮ ಎಡಗಡೆ ಪೂರ್ತಿ ಖಾಲಿ. ಆ ಖಾಲಿ ಜಾಗದಲ್ಲೇ ಚೆಂಡು ಮೇಲೆ ಹೋಗಿದ್ದು, ಡಿ ಒಳಗೆ ಅವರ ಫುಲ್‌ಬ್ಯಾಕಿನ ಪಾದಕ್ಕೆ ತಗುಲಿ ಕಾರ್ನರ್ ಸಿಕ್ಕಿದ್ದು.

ಹೂಟರ್ ಆದಮೇಲೆ ಟರ್ಫ್ ಮೇಲೆ ಅಂಗಾತ ಮಲಗಿದ್ದವನು ಇವನೇ. ನಾನೂ ಲೆಫ್ಟ್ ಹಾಫೇ ಆಗಿದ್ದವನು. ಆದರೂ ರಾತ್ರಿಯೆಲ್ಲ ಇವನ ಹೆಸರು ನನ್ನ ಬಾಯಲ್ಲಿ ಒಂದು ಸಲವೂ ಬರಲಿಲ್ಲ.

ನೀವೂ ನಿಮ್ಮ ತಂಡ ಹೊಡೆದ ಗೋಲಿನಿಂದ ಹೀಗೆ ಹಿಂದಕ್ಕೆ ನಡೆದು ನೋಡಿ. ಎಲ್ಲೋ ಒಬ್ಬ ಚೆಂಡು ಕಿತ್ತುಕೊಂಡಿರುತ್ತಾನೆ.

ಮುನ್ನಡೆ ಕೈಜಾರಿ ಮತ್ತೆ ಸಿಕ್ಕ ಪಂದ್ಯವಾದರೆ ಮಧ್ಯದ ಭಾಗವನ್ನು ಬಿಡಬೇಡಿ. 2016ರ ಅಕ್ಟೋಬರ್ 30ರಂದು ಮಲೇಷ್ಯಾದ ಕ್ವಾಂಟನ್‌ನಲ್ಲಿ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಫೈನಲ್ ನಡೆಯಿತು. ಪಾಕಿಸ್ತಾನದ ಮೇಲೆ ಭಾರತ 2-0 ಇತ್ತು, ಅದು 2-2 ಆಯ್ತು. 51ನೇ ನಿಮಿಷದಲ್ಲಿ ನಿಕಿನ್ ತಿಮ್ಮಯ್ಯ ಹೊಡೆದು 3-2 ಮಾಡಿದರು. ಆ ಗೋಲು ಎಲ್ಲರಿಗೂ ನೆನಪಿದೆ. 2-0 ಇದ್ದದ್ದು 2-2 ಆಗಿದ್ದು ಹೇಗೆ ಅಂತ ಕೇಳಿದರೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಎದುರಾಳಿ ಕೋಚ್ ಮಾತ್ರ ಕೆರೆದುಕೊಳ್ಳೋದಿಲ್ಲ, ಅವನು ಮುಂದಿನ ಸಲ ಅಲ್ಲಿಂದಲೇ ಶುರು ಮಾಡುತ್ತಾನೆ.

ಶೂಟೌಟ್‌ನಲ್ಲಿ ಗೆದ್ದಿದ್ದರೆ

ಪಂದ್ಯ ಸಮ ಆದಾಗ ಒಬ್ಬೊಬ್ಬರೇ ಬಂದು ಗೋಲಿಯ ಎದುರು ಹೊಡೆಯೋದೇ ಶೂಟೌಟ್. ಆಗ ಗೋಲಿಯನ್ನು ಮಾತ್ರ ನೋಡಿ. ಹೊಡೆಯುವವನಿಗೆ 23 ಮೀಟರ್ ಗೆರೆಯಿಂದ 8 ಸೆಕೆಂಡು ಸಿಗುತ್ತದೆ. ಬೇಗ ಬಿದ್ದ ಗೋಲಿ ಕೆಟ್ಟ. ಗೋಲಿ ಎಷ್ಟು ಸೆಕೆಂಡು ನಿಂತುಕೊಂಡೇ ಇದ್ದ, ಹೊಡೆಯುವವನನ್ನು ಯಾವ ಕಡೆಗೆ ತಳ್ಳಿಕೊಂಡು ಹೋದ ಅಂತ ಎಣಿಸಿ. 2016ರ ರಿಯೋ ಒಲಿಂಪಿಕ್ಸ್ ಮಹಿಳೆಯರ ಫೈನಲ್‌ನಲ್ಲಿ ಬ್ರಿಟನ್, ನೆದರ್ಲೆಂಡ್ಸ್ 3-3 ಆಗಿದ್ದವು. ಶೂಟೌಟ್‌ನಲ್ಲಿ ಬ್ರಿಟನ್ 2-0ರಿಂದ ಗೆದ್ದಿತು. ಅವರ ಗೋಲಿ ಮ್ಯಾಡಿ ಹಿಂಚ್ ಒಂದನ್ನೂ ಒಳಗೆ ಬಿಡಲಿಲ್ಲ. ಯಾರು ಹೇಗೆ ಹೊಡೆಯುತ್ತಾರೆ ಅಂತ ಮೊದಲೇ ಬರೆದಿಟ್ಟುಕೊಂಡ ಪುಟ್ಟ ಪುಸ್ತಕ ಅವರ ಹತ್ತಿರ ಇತ್ತು. ನನ್ನ ನೋಟ್‌ಬುಕ್ ನೋಡಿ ಮನೆಯವರು ನಕ್ಕಾಗಲೆಲ್ಲ ನಾನು ಈ ಕಥೆ ಹೇಳುತ್ತೇನೆ.

ಗೆಲುವಿನ ಬಿಲ್ಲು

ಕಷ್ಟದ ಗೆಲುವಿಗೆ ಕಟ್ಟಬೇಕಾದ ಒಂದು ಬಿಲ್ಲು ಇದ್ದೇ ಇರುತ್ತದೆ. ಅದು ಮುಂದಿನ ಪಂದ್ಯದಲ್ಲಿ ಬರುತ್ತದೆ. ಯಾರಿಗೆ ಪೆಟ್ಟಾಯ್ತು, ಯಾರಿಗೆ ಕಾರ್ಡ್ ಬಿತ್ತು ಅಂತ ಹಾಳೆಯ ಕೆಳಗೆ ಬರೆದಿಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್‌ಫೈನಲ್‌ನಲ್ಲಿ ಬ್ರಿಟನ್ ವಿರುದ್ಧ 17ನೇ ನಿಮಿಷದಲ್ಲೇ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್ ಬಿತ್ತು. ಅಲ್ಲಿಂದ ಮುಂದೆ ಭಾರತ 10 ಜನರಲ್ಲೇ ಆಡಿ 1-1 ಉಳಿಸಿಕೊಂಡಿತು, ಶೂಟೌಟ್‌ನಲ್ಲಿ 4-2ರಿಂದ ಗೆದ್ದಿತು. ಅವತ್ತು ನಾವೆಲ್ಲ ಶ್ರೀಜೇಶ್ ಹೆಸರಲ್ಲಿ ಕುಣಿದೆವು, ಕುಣಿಯಬೇಕಾದ್ದೇ. ಆದರೆ ರೋಹಿದಾಸ್ ಸೆಮಿಫೈನಲ್ ಆಡುವಂತಿರಲಿಲ್ಲ. ಜರ್ಮನಿ ಎದುರು ಅದು 3-2ರಿಂದ ಕೈತಪ್ಪಿತು. ಅವರೊಬ್ಬರಿದ್ದಿದ್ದರೆ ಗೆಲ್ಲುತ್ತಿದ್ದೆವು ಅಂತ ನಾನು ಹೇಳೋದಿಲ್ಲ. ಕಾರ್ನರ್ ತಡೆಯಲು ಮೊದಲು ನುಗ್ಗುವ ಆಳು ಇಲ್ಲ ಅಂದರೆ ಏನು ಅಂತ ಆಡಿದವರಿಗೆ ಗೊತ್ತು.

ಅಂಪೈರ್ ವಿಷಯ ಒಂದೇ ಮಾತು. ಅವರ ತಪ್ಪಿನಿಂದ ನಿಮಗೆ ಲಾಭ ಆಗಿದ್ದರೆ ಒಪ್ಪಿಕೊಳ್ಳಿ. ಸೋತಾಗ ಅವರನ್ನು ಎಷ್ಟು ಬೈದಿರುತ್ತೀರಿ ಅನ್ನೋದು ನಿಮಗೇ ಗೊತ್ತಿದೆ.

ಗೆಳೆಯನ ಹತ್ತಿರ ಹೋಗೋದು

ಒಂದು ವಾರ ಬಿಟ್ಟು ಹೋಗಿ. ಫೋನ್ ಬೇಡ, ಎದುರಿಗೇ ಹೋಗಿ. ಅವರ ತಂಡದಲ್ಲಿ ಚೆನ್ನಾಗಿ ಆಡಿದ ಒಬ್ಬನ ಒಂದು ನಿರ್ದಿಷ್ಟ ಕ್ಷಣವನ್ನು ಹೇಳಿ. ‘ಒಳ್ಳೇ ಫೈಟ್ ಕೊಟ್ರಪ್ಪ’ ಅನ್ನಬೇಡಿ, ಅದು ಗೆದ್ದವನು ಸೋತವನ ಬೆನ್ನು ತಟ್ಟುವ ಮಾತು, ಮೈ ಉರಿಯುತ್ತದೆ.

ನಾನು ನೋಟ್‌ಬುಕ್ ತಗೊಂಡೇ ಹೋದೆ. ಕ್ಷಮೆ ಕೇಳೋಕೆ ಬರಲಿಲ್ಲ, ಬಾಯಿ ಕಟ್ಟಿತು. ‘ಆ ಕಾರ್ನರ್ ನೋಡೋಣ ಬಾ’ ಅಂದೆ. ಅವನು ಏನೂ ಮಾತಾಡದೆ ರೆಕಾರ್ಡಿಂಗ್ ಹಾಕಿದ. ನಿಧಾನವಾಗಿ ಓಡಿಸಿ ನೋಡಿದೆವು. ಅವನ ಅಕ್ಕನ ಮಗ ಸರಿಯಾದ ಕಡೆಗೇ ಬಿದ್ದಿದ್ದ. ಬಲಗಾಲು ಪೂರ್ತಿ ಚಾಚಿತ್ತು, ಚೆಂಡು ನೇರ ಅಲ್ಲಿಗೇ ಬರುತ್ತಿತ್ತು. ಮುಂದೆ ನುಗ್ಗಿ ಬಂದ ಅವರದೇ ರಷರ್‌ನ ಸ್ಟಿಕ್ಕಿನ ತುದಿಗೆ ತಗುಲಿ ಚೆಂಡು ಎದ್ದಿತು, ಪ್ಯಾಡಿನ ಮೇಲಿಂದ ಒಳಗೆ ಹೋಯ್ತು.

‘ನಿದ್ದೆ ಮಾಡ್ತಿರಲಿಲ್ಲ’ ಅಂದೆ.

‘ಅದನ್ನ ಬರ್ಕೋ’ ಅಂದ.

ಬರೆದುಕೊಂಡೆ. ಅವನು ನೋಟ್‌ಬುಕ್ ಕಿತ್ತುಕೊಂಡು ಹಾಳೆಯನ್ನು ಮೇಲಿಂದ ಕೆಳಗೆ ನೋಡಿದ. ‘ನಮಗೆ 19 ಅಂತ ಹಾಕಿದ್ದೀಯಾ. 20 ಇರಬೇಕು ಕಣೋ, ಮೊದಲನೇ ಕ್ವಾರ್ಟರ್‌ದು ಒಂದು ಬಿಟ್ಟಿದ್ದೀಯಾ.’ ವಾದ ಮಾಡಿದೆ. ಮೊದಲಿಂದ ಹಾಕಿ ನೋಡಿದೆವು. 4ನೇ ನಿಮಿಷದಲ್ಲಿ ಚೆಂಡು ಡಿ ಗೆರೆ ದಾಟಿ ಒಂದು ಗೇಣು ಒಳಗೆ ಬಂದು ಹೊರಗೆ ಹೋಗಿತ್ತು. ಪೆನ್ ಅವನ ಕೈಯಲ್ಲೇ ಇತ್ತು, ಗೀಟು ಅವನೇ ಹಾಕಿದ.