ಹುಳಿ ಇದ್ದರೆ ಬಾಟ್ಲಿ, ಇಲ್ಲದಿದ್ದರೆ ಉಪ್ಪು

ಸಾಗರ, ಸೊರಬದ ಕಡೆ ಅನಾನಸ್ ಒಮ್ಮೆಲೇ ಹಣ್ಣಾಗುತ್ತದೆ. ರೇಟು ಬಿದ್ದುಹೋದರೆ ಮಾರುವುದಕ್ಕಿಂತ ನೆಂಟರಿಗೆ ಹಂಚುವುದೇ ಸುಲಭ. ಹಂಚಿ ಉಳಿದದ್ದನ್ನು ನಾನು ಸಕ್ಕರೆ ಪಾಕದಲ್ಲಿ ಹಾಕಿ, ಗಾಜಿನ ಬಾಟ್ಲಿಗೆ ತುಂಬಿ, ಕುದಿಸಿ ಇಡುತ್ತೇನೆ. ಮಳೆಗಾಲ ಕಳೆದು ದೀಪಾವಳಿಗೂ ಹೋಳು ಗಟ್ಟಿಯಾಗಿರುತ್ತದೆ.

ಒಮ್ಮೆ ಪಕ್ಕದ ಮನೆ ಅಕ್ಕ ಕೇಳಿದರು, "ಹಂಗಾದ್ರೆ ಕಳಲೆನೂ ಹೀಗೇ ಹಾಕಿಡಬಹುದಲ್ವೇನೇ?"

"ಬೇಡ ಅಕ್ಕಾ, ಅದನ್ನ ಮಾತ್ರ ಹಾಕಬೇಡಿ" ಅಂದೆ.

ಹೀಗೆ ಬಾಟ್ಲಿಗೆ ತುಂಬಿ, ಕುದಿಸಿ ಇಡುವುದಕ್ಕೆ ಕ್ಯಾನಿಂಗ್ ಅನ್ನುತ್ತಾರೆ. ಅದು ಕೆಡುವುದು ಕೊಳೆ ಬಾಟ್ಲಿಯಿಂದ ಅಂತ ತುಂಬ ಜನ ತಿಳಿದಿದ್ದಾರೆ. ಸ್ವಚ್ಛತೆ ಬೇಕೇ ಬೇಕು, ಆದರೆ ಅದೊಂದೇ ಸಾಲದು. ಮಣ್ಣಿನಲ್ಲಿ ಬಾಟುಲಿನಂ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಅದರ ಬೀಜಾಣು ಕುದಿಯುವ ನೀರಿಗೂ ಸಾಯುವುದಿಲ್ಲ. ಗಾಳಿ ಇಲ್ಲದ, ತೇವ ಇರುವ, ಹುಳಿ ಇಲ್ಲದ ಜಾಗ ಸಿಕ್ಕರೆ ಮೊಳೆತು ವಿಷ ಮಾಡುತ್ತದೆ. ನರ ಹಿಡಿದು ಉಸಿರು ನಿಲ್ಲಿಸುವಂಥ ವಿಷ. ವಾಸನೆ, ಬಣ್ಣ ಯಾವುದೂ ಬದಲಾಗದೇ ಇರಬಹುದು. ಬೂಸ್ಟಾದರೆ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದೇ ಇಲ್ಲ. ಅದನ್ನು ತಡೆಯುವುದು ಹುಳಿ. ಹುಳಿ ಅಳೆಯುವ ಅಂಕಿ ಪಿಎಚ್, ಅದು ಇಳಿದಷ್ಟೂ ಹುಳಿ ಜಾಸ್ತಿ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಆ ಬೀಜಾಣು ಮೊಳೆಯುವುದಿಲ್ಲ.

ಅನಾನಸ್ ಹುಳಿ ಹಣ್ಣು, ಹಾಗಾಗಿ ಕುದಿಯುವ ನೀರು ಸಾಕು. ಕಳಲೆ, ಬೀನ್ಸ್, ಅಲಸಂದೆ, ಅಣಬೆ ಇವಕ್ಕೆ ಸಾಲುವುದಿಲ್ಲ. ಅವಕ್ಕೆ ಸುಮಾರು 116 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು. ಅದಕ್ಕೆ ಒತ್ತಡದ ಕ್ಯಾನರ್, ಅಂದರೆ ಬಾಟ್ಲಿಗಳನ್ನು ಒತ್ತಡದ ಆವಿಯಲ್ಲಿ ಕಾಯಿಸಲೆಂದೇ ಮಾಡಿದ ಪಾತ್ರೆ, ಬೇಕು. ಮನೆಯ ಕುಕ್ಕರ್‌ನಲ್ಲಿ ನಾಲ್ಕು ವಿಷಲ್ ಕೂಗಿಸಿದರೆ ಆಗಲ್ವಾ ಅಂತ ಕೇಳುತ್ತಾರೆ. ಆಗುವುದಿಲ್ಲ. ಕ್ಯಾನರ್‌ಗೆ ಹೇಳಿರುವ ಸಮಯದಲ್ಲಿ ಅದು ನಿಧಾನ ಕಾಯುವುದು, ನಿಧಾನ ಆರುವುದು ಎಲ್ಲ ಸೇರಿರುತ್ತದೆ. ಕುಕ್ಕರ್ ಬೇಗ ಕಾದು ಬೇಗ ಆರುತ್ತದೆ. ಆದ್ದರಿಂದ ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತಾ ಮೂರು ದಿನ ನೆನೆಸಿ, ಆಮೇಲೆ ಕೈತುಂಬ ಉಪ್ಪು ಹಾಕಿ ಭರಣಿಗೆ ತುಂಬುತ್ತೇನೆ. ಹಲಸಿನಕಾಯಿ ಸೊಳೆಗೂ ಉಪ್ಪೇ. ಹಳಬರ ಈ ದಾರಿ ಸರಿಯಾದದ್ದು. ರಕ್ತದೊತ್ತಡಕ್ಕೆ ಹೆದರಿ ಭರಣಿಯ ಉಪ್ಪನ್ನು ಅರ್ಧ ಮಾಡಬೇಡಿ. ತಿನ್ನುವಾಗ ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿಕೊಂಡರೆ ಆಯ್ತು.

ಟೊಮೆಟೊ ನಡುವೆ ನಿಲ್ಲುವ ಹಣ್ಣು. ಒಂದೊಂದು ತಳಿ 4.6 ದಾಟುತ್ತದೆ. ಅರ್ಧ ಲೀಟರ್ ಬಾಟ್ಲಿಗೆ ಕಾಲು ಟೀ ಚಮಚ ಸಿಟ್ರಿಕ್ ಆಸಿಡ್ ಹಾಕದೆ ನಾನು ಮುಚ್ಚಳ ಹಾಕುವುದಿಲ್ಲ.

ಈಗ ಅನಾನಸ್. ಕಣ್ಣು ತೆಗೆದು, ನಡುವಿನ ದಿಂಡು ಬಿಟ್ಟು ಹೆಚ್ಚಿ, ಪಾಕದಲ್ಲಿ ಹತ್ತು ನಿಮಿಷ ಸಣ್ಣಗೆ ಬೇಯಿಸುತ್ತೇನೆ. ಇಲ್ಲಿ ಕೆಡದಂತೆ ಕಾಪಾಡುವುದು ಹಣ್ಣಿನ ಹುಳಿ, ಸಕ್ಕರೆಯಲ್ಲ. ಹಾಗಾಗಿ ಪಾಕ ತೆಳ್ಳಗಿದ್ದರೂ ಪರವಾಗಿಲ್ಲ. (ಜಾಮಿನ ಲೆಕ್ಕ ಬೇರೆ, ಅಲ್ಲಿ ಸಕ್ಕರೆ ಕಡಿಮೆಯಾದರೆ ಬೂಸ್ಟು ಬರುತ್ತದೆ.) ಬಿಸಿ ಬಾಟ್ಲಿಗೆ ಬಿಸಿ ಹೋಳು. ತಣ್ಣನೆ ಗಾಜಿಗೆ ಬಿಸಿ ಪಾಕ ಸುರಿದರೆ ತಳವೇ ಕಳಚಿ ಬೀಳುತ್ತದೆ.

ಕಂಠದವರೆಗೆ ತುಂಬಬಾರದು. ಮೇಲೆ ಅರ್ಧ ಇಂಚು ಖಾಲಿ ಇರಲಿ. ಇಲ್ಲದಿದ್ದರೆ ಕುದಿಯುವಾಗ ಪಾಕ ಉಕ್ಕಿ ಬಾಯಿಗೆ ಅಂಟಿ, ಮುಚ್ಚಳ ಕೂರುವುದಿಲ್ಲ. ತುಂಬಿದ ಮೇಲೆ ಬಿದಿರಿನ ಕಡ್ಡಿಯನ್ನು ಗಾಜಿನ ಒಳಗೋಡೆಗುಂಟ ನಿಧಾನ ಇಳಿಸಿ. ಹೋಳುಗಳ ನಡುವೆ ಸಿಕ್ಕಿಕೊಂಡ ಗಾಳಿ ಗುಳ್ಳೆಗುಳ್ಳೆಯಾಗಿ ಮೇಲೇರುತ್ತದೆ, ಪಾಕದ ಮಟ್ಟ ಇಳಿಯುತ್ತದೆ. ಇಳಿದಷ್ಟು ಮತ್ತೆ ಹಾಕಿ. ಬಾಯಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಒಂದೇ ಒಂದು ನಾರು ಉಳಿದರೂ ಗಾಳಿ ನುಸುಳಲು ದಾರಿ ಆಯ್ತು. ಮುಚ್ಚಳ ಪ್ರತಿ ಸಲ ಹೊಸದು. ಬೆರಳ ತುದಿಯಿಂದ ತಿರುಗಿಸಿ ನಿಂತಷ್ಟು ಸಾಕು. ಬಲ ಹಾಕಿ ಬಿಗಿದರೆ ಒಳಗಿನ ಗಾಳಿ ಹೊರಗೆ ಹೋಗುವುದಿಲ್ಲ.

ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಬಾಟ್ಲಿ ಇಟ್ಟು, ಮುಚ್ಚಳದ ಮೇಲೆ ಒಂದಿಂಚಾದರೂ ಬಿಸಿನೀರು ನಿಲ್ಲಬೇಕು. ಸಮಯ ಲೆಕ್ಕ ಹಾಕುವುದು ನೀರು ಕೊತಕೊತ ಕುದಿಯಲು ಶುರುವಾದ ಮೇಲೆ. ಸೌದೆ ಒಲೆಯಲ್ಲಿ ಉರಿ ಇಳಿದು ಕುದಿ ನಿಂತರೆ ಮತ್ತೆ ಮೊದಲಿನಿಂದ ಎಣಿಸಬೇಕು.

ನಮ್ಮ ಊರಿನ ಎತ್ತರವನ್ನೂ ಮರೆಯಬಾರದು. ಸಾಗರ, ತೀರ್ಥಹಳ್ಳಿ ಎಲ್ಲ ಹೆಚ್ಚುಕಡಿಮೆ 600 ಮೀಟರ್ ಎತ್ತರದಲ್ಲಿವೆ. ಇಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಕರಾವಳಿಯಲ್ಲಿ ಅರ್ಧ ಲೀಟರಿನೊಳಗಿನ ಅನಾನಸ್ ಬಾಟ್ಲಿಗೆ 15 ನಿಮಿಷ ಆದರೆ ನಮಗೆ 20 ಬೇಕು. ವಿಡಿಯೋ ನೋಡಿ ಮಾಡುವವರು ಈ ಐದು ನಿಮಿಷವನ್ನೇ ಬಿಡುತ್ತಾರೆ.

ಇಳಿಸಿದ ಬಾಟ್ಲಿಯನ್ನು ಮಗುಚಿ ಇಡಬೇಡಿ, ಗಾಳಿ ಬೀಸುವ ಕಿಟಕಿ ಹತ್ತಿರವೂ ಬೇಡ. ಆರುತ್ತಾ ಮುಚ್ಚಳದ ನಡುಭಾಗ ಟಕ್ ಅಂತ ಒಳಗೆ ಕೂರುತ್ತದೆ. ಮಾರನೇ ದಿನ ಒತ್ತಿ ನೋಡಿ. ಮೇಲೆ ಕೆಳಗೆ ಆಡಿದರೆ ಅದನ್ನು ಫ್ರಿಜ್‌ನಲ್ಲಿಟ್ಟು ಬೇಗ ತಿಂದು ಮುಗಿಸಿ.

ನಮ್ಮ ಮಳೆಯಲ್ಲಿ ಮುಚ್ಚಳ ತುಕ್ಕು ಹಿಡಿಯುತ್ತದೆ. ಆಷಾಢದಲ್ಲಿ ಆಗಾಗ ಒಣಬಟ್ಟೆಯಲ್ಲಿ ಒರೆಸಿ ನೋಡುತ್ತಿರಿ. ಮುಚ್ಚಳ ಉಬ್ಬಿದ್ದರೆ, ತೆಗೆದಾಗ ಪಾಕ ಚಿಮ್ಮಿದರೆ, ನಾಲಿಗೆ ತುದಿಗೂ ತಾಗಿಸಬೇಡಿ. ದನದ ಬಾನಿಗೂ ಸುರಿಯಬೇಡಿ, ಆ ವಿಷ ದನಕ್ಕೂ ಏರುತ್ತದೆ. ಬಾಟ್ಲಿ ಸಮೇತ ಚೀಲಕ್ಕೆ ಕಟ್ಟಿ, ಮಕ್ಕಳು, ನಾಯಿ ಮುಟ್ಟದ ಹಾಗೆ ಎಸೆದು, ಕೈಗೆ ಚೆನ್ನಾಗಿ ಸೋಪು ಹಾಕಿ ತೊಳೆದುಕೊಳ್ಳಿ.