ರಾಯಚೂರಿನ ಬಿಸಿಲಲ್ಲಿ ಮ್ಯಾಂಟಿಸ್ ಸೀಗಡಿಗೊಂದು ಉಪ್ಪುನೀರಿನ ತೊಟ್ಟಿ

ಮ್ಯಾಂಟಿಸ್ ಸೀಗಡಿ ಅಂದರೆ ಏಡಿ-ಸೀಗಡಿ ಬಳಗದ ಒಂದು ಸಮುದ್ರ ಪ್ರಾಣಿ. ಅದನ್ನು ಸಾಕುತ್ತೇನೆ ಅಂದರೆ ಎಲ್ಲರೂ ಕೇಳುವುದು ಒಂದೇ: ಅದು ಗಾಜು ಒಡೆಯುತ್ತದಂತೆ, ಹೌದಾ? ಒಡೆಯಬಲ್ಲದು, ಆದರೆ ಅಪರೂಪ. ನವಿಲು ಬಣ್ಣದ ಪೀಕಾಕ್ ಜಾತಿಯ ಮುಂಗಾಲಿನ ಏಟು ಸೆಕೆಂಡಿಗೆ ಸುಮಾರು 23 ಮೀಟರ್ ವೇಗದಲ್ಲಿ ಬೀಳುತ್ತದೆ. ಆ ರಭಸಕ್ಕೆ ನೀರಿನಲ್ಲೇ ಗುಳ್ಳೆ ಎದ್ದು ಒಡೆಯುತ್ತದೆ, ಆ ಒಡೆತದಿಂದ ಇನ್ನೊಂದು ಪೆಟ್ಟು. ಏಡಿಯ ಚಿಪ್ಪು ಪುಡಿಯಾಗುವುದು ಹೀಗೆ. ಆದರೂ ನಮ್ಮ ರಾಯಚೂರಿನಲ್ಲಿ ಇದನ್ನು ಸಾಕುವವರಿಗೆ ನಿಜವಾದ ತಲೆನೋವು ಬೇಸಿಗೆಯ ಬಿಸಿಲು ಮತ್ತು ಬೋರ್‌ವೆಲ್ ನೀರು. ಇವೆರಡಕ್ಕೂ ವ್ಯವಸ್ಥೆ ಆಗುವ ತನಕ ಸೀಗಡಿ ಕೊಳ್ಳುವ ಮಾತೇ ಬೇಡ.

ತೊಟ್ಟಿ ಎಲ್ಲಿಡಬೇಕು?

ಪೀಕಾಕ್ ಜಾತಿ 15 ಸೆಂ.ಮೀ. ದಾಟಿ ಬೆಳೆಯುತ್ತದೆ. 120 ಲೀಟರಿಗಿಂತ ಚಿಕ್ಕ ತೊಟ್ಟಿ ಬೇಡ. ನೀರು, ಮರಳು, ಕಲ್ಲು, ಗಾಜು ಎಲ್ಲ ಸೇರಿ ಒಂದೂವರೆ ಕ್ವಿಂಟಲ್ ಆಗುತ್ತದೆ, ಹಳೇ ಟೀಪಾಯಿ ಮೇಲೆ ಕೂರಿಸಬೇಡಿ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ. ಪಡುವಣ ಗೋಡೆಯ ಪಕ್ಕ, ಮಹಡಿಯ ಆರ್‌ಸಿಸಿ ಕೆಳಗೆ ಇಟ್ಟರೆ ಮಧ್ಯಾಹ್ನಕ್ಕೆ ನೀರು ಕಾಯುತ್ತದೆ. ದಪ್ಪ ಕಲ್ಲುಗೋಡೆಯ ಹಳೇ ಮನೆಯ ಒಳಕೋಣೆ ಇದ್ದರೆ ಅದೇ ಸರಿಯಾದ ಜಾಗ.

ಗಾಜು 10 ಮಿ.ಮೀ. ಆದರೂ ಇರಲಿ. ಈ ಪ್ರಾಣಿ ತಳ ಕೆದಕಿ ಬಿಲ ತೋಡುತ್ತದೆ, ಹಾಗಾಗಿ ಮರಳಿನ ಕೆಳಗೆ ಅಕ್ರಿಲಿಕ್ ಶೀಟ್ ಹಾಸಿ. ಮುಚ್ಚಳ ಬೇಕೇ ಬೇಕು.

ನೀರು: ಇಲ್ಲೇ ಎಲ್ಲ ಕೆಡುವುದು

ಬೋರ್ ನೀರು, ನಲ್ಲಿ ನೀರು ಎರಡೂ ಬೇಡ. ಆರ್‌ಒ ನೀರು, ಅದರ ಮೇಲೆ ಉಳಿದ ಲವಣವನ್ನೂ ತೆಗೆಯುವ ಡಿಐ ಫಿಲ್ಟರ್ ಕೂಡ ಇರಬೇಕು. ನೀರಿನಲ್ಲಿ ಕರಗಿರುವ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಸೊನ್ನೆಯ ಹತ್ತಿರ ತೋರಿಸಬೇಕು. ಮನೆಯ ಆರ್‌ಒ ಮಷೀನಿನ ನೀರನ್ನೇ ತುಂಬಿಸುವ ಮುಂಚೆ ಅದರ ಮೈಮೇಲೆ ಬರೆದಿರುವುದನ್ನು ಓದಿ. ಈಗ ‘ತಾಮ್ರ ಸೇರಿಸಿದ ನೀರು’ ಕೊಡುವ ಮಷೀನುಗಳೂ ಇವೆ. ನಮಗೆ ಒಳ್ಳೆಯದೋ ಏನೋ, ಸೀಗಡಿ-ಏಡಿ ಕುಲಕ್ಕೆ ತಾಮ್ರ ವಿಷ, ಅದೂ ತೀರಾ ಸ್ವಲ್ಪ ಇದ್ದರೂ. ತಾಮ್ರದ ಕೊಡ, ಹಿತ್ತಾಳೆ ಬಿಂದಿಗೆಯಲ್ಲಿ ನೀರು ಹಿಡಿದಿಡಬೇಡಿ. ಪ್ಲಾಸ್ಟಿಕ್ ಬಕೆಟ್ ಸಾಕು, ಅದರಲ್ಲಿ ಸೋಪು ಮುಟ್ಟಿರಬಾರದು. ಮೀನಿನ ರೋಗಕ್ಕೆ ಹಾಕುವ ಎಷ್ಟೋ ಔಷಧಿಗಳಲ್ಲೂ ತಾಮ್ರ ಇರುತ್ತದೆ. ಸೆಕೆಂಡ್‌ಹ್ಯಾಂಡ್ ತೊಟ್ಟಿ ಕೊಳ್ಳುವುದಾದರೆ ಅದಕ್ಕೆ ಅಂಥ ಔಷಧಿ ಹಾಕಿದ್ದರಾ ಅಂತ ಮೊದಲು ಕೇಳಿ.

ಅಡುಗೆ ಉಪ್ಪು, ಕಲ್ಲುಪ್ಪು ನಡೆಯುವುದಿಲ್ಲ. ಅಕ್ವೇರಿಯಂಗೆಂದೇ ಮಾಡಿದ ಸಮುದ್ರದ ಉಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಲೆಕ್ಕದ ಪ್ರಕಾರ ಇರುತ್ತವೆ. 100 ಲೀಟರಿಗೆ ಮೂರೂವರೆ ಕೆ.ಜಿ.ಯಿಂದ ಶುರು ಮಾಡಿ, ಒಂದು ದಿನ ಪಂಪ್ ಹಾಕಿ ಕಲಕಿ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ನೋಡಿ. ಸಾಪೇಕ್ಷ ಸಾಂದ್ರತೆ (ಎಸ್‌ಜಿ) 1.025 ಬಂದರೆ ಸರಿ.

ತಂಪು

ನೀರು 24ರಿಂದ 27 ಡಿಗ್ರಿ ಒಳಗಿರಬೇಕು. ಮೇ ತಿಂಗಳಲ್ಲಿ ಹೊರಗೆ 42, 43 ಇರುವಾಗ ಇದು ತಮಾಷೆ ಅಲ್ವಾ? ನಮ್ಮದು ಒಣ ಗಾಳಿ, ನೀರಿನ ಮೇಲೆ ಫ್ಯಾನ್ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಾರ್ಚ್‌ವರೆಗೆ ಅಷ್ಟು ಸಾಕು. ಆಮೇಲೆ ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಬೇಕು, ಇಲ್ಲವೇ ಎಸಿ ಕೋಣೆ. ಆ ಖರ್ಚು ಆಗದಿದ್ದರೆ ಈ ಹವ್ಯಾಸ ಬಿಡುವುದೇ ವಾಸಿ ಅನ್ನುತ್ತೇನೆ.

ಫ್ಯಾನಿಗೆ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಗಾಜಿನ ಮೇಲೆ ಒಂದು ಗೆರೆ ಹಾಕಿ, ದಿನಾ ಆ ಗೆರೆಯವರೆಗೆ ಬರೀ ಆರ್‌ಒ-ಡಿಐ ನೀರು ತುಂಬಿ. ಉಪ್ಪುನೀರು ತುಂಬಿದರೆ ವಾರದಲ್ಲಿ ಉಪ್ಪು ಏರಿಬಿಡುತ್ತದೆ. ಕರೆಂಟ್ ಹೋದಾಗ ಉಸಿರಿಗೆ ಬ್ಯಾಟರಿ ಏರ್ ಪಂಪ್ ಇರಲಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಮ್ಮಿ, ಹಾಗಾಗಿ ಬೇಸಿಗೆಯ ಪವರ್ ಕಟ್ ಡಬಲ್ ಪೆಟ್ಟು.

ಬಿಲ, ಕಲ್ಲು

ಹೊಳೆ ಮರಳು ಬೇಡ, ಸುಣ್ಣದ ಅಂಶದ ಅರಗೊನೈಟ್ ಮರಳು ಹಾಕಿ. ಹವಳದ ಕಲ್ಲು ಕೊಡುತ್ತೇವೆ ಅಂದರೆ ಕೊಳ್ಳಬೇಡಿ: ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಸಿರಾಮಿಕ್ ಕಲ್ಲು ಸಾಕು. ಬಿಲಕ್ಕೆ ಪ್ಲಂಬರ್ ಅಂಗಡಿಯ ಪಿವಿಸಿ ಪೈಪೇ ಚೆನ್ನ. ಸೀಗಡಿಯ ಮೈಗಿಂತ ತುಸು ಅಗಲ, ಉದ್ದ ಎರಡರಷ್ಟು, ಎಲ್ಬೋ ಹಾಕಿ ಎರಡೂ ಬಾಯಿ ಮೇಲೆ ಬರುವಂತೆ ಮರಳಲ್ಲಿ ಹೂತುಬಿಡಿ. ಲೈಟು ಮಂದ ಇರಲಿ. ಪ್ರಖರ ಬೆಳಕಿನಲ್ಲಿ ಪೀಕಾಕ್ ಜಾತಿಗೆ ಚಿಪ್ಪು ಕೊಳೆಯುವ ರೋಗ ಬರುವುದುಂಟು.

ಈಗ ಕಾಯುವ ಕೆಲಸ: ಕೊಳೆಯನ್ನು ಕರಗಿಸುವ ಬ್ಯಾಕ್ಟೀರಿಯಾ ತೊಟ್ಟಿಯಲ್ಲಿ ಬೆಳೆಯಬೇಕು. ಒಂದು ಚೂರು ಸೀಗಡಿ ಮಾಂಸ ನೀರಿಗೆ ಹಾಕಿ ಪಂಪ್ ಓಡಿಸಿ. ಅಮೋನಿಯಾ ಏರುತ್ತದೆ, ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ, ಕೊನೆಗೆ ನೈಟ್ರೇಟ್ ಉಳಿಯುತ್ತದೆ. ಟೆಸ್ಟ್ ಕಿಟ್‌ನಲ್ಲಿ ಮೊದಲೆರಡೂ ಸೊನ್ನೆ ಬರಲು ನಾಲ್ಕರಿಂದ ಆರು ವಾರ ಬೇಕು.

ಸೀಗಡಿ ಬಂದ ಮೇಲೆ

ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ತರಬೇಕಾದೀತು. ಚಳಿಗಾಲದಲ್ಲಿ, ರಾತ್ರಿ ರೈಲಿನಲ್ಲಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ತನ್ನಿ. ಮನೆಗೆ ಬಂದ ಮೇಲೆ ಸಣ್ಣ ಪೈಪಿನಿಂದ ತೊಟ್ಟಿಯ ನೀರನ್ನು ಹನಿಹನಿಯಾಗಿ ಒಂದು ಗಂಟೆ ಬಿಟ್ಟು ಒಗ್ಗಿಸಿ. ಕೈಯಲ್ಲಿ ಹಿಡಿಯಬೇಡಿ, ಬೆರಳು ಸೀಳಿಬಿಡುತ್ತದೆ. ಜೊತೆಗೆ ಮೀನು ಬಿಟ್ಟರೆ ಅದು ಊಟ ಆಗುತ್ತದೆ, ಅಷ್ಟೇ.

ವಾರಕ್ಕೆ ಎರಡು ಮೂರು ಸಲ ಸಮುದ್ರದ ಏಡಿಯ ಕಾಲು, ಕಪ್ಪೆಚಿಪ್ಪು, ಸೀಗಡಿ ತುಂಡನ್ನು ಉದ್ದ ಇಕ್ಕಳದಲ್ಲಿ ಕೊಡಿ. ಮೊದಲು ಕಡ್ಡಿಯ ಮೇಲಿನ ಎರಡು ಕಣ್ಣು ಬಿಲದಿಂದ ಹೊರಬರುತ್ತವೆ. ಒಂದು ಮೇಲೆ ನೋಡುತ್ತಿದ್ದರೆ ಇನ್ನೊಂದು ಪಕ್ಕಕ್ಕೆ ಹೊರಳಿರುತ್ತದೆ. ಆಮೇಲೆ ‘ಟಕ್’ ಅನ್ನುವ ಸದ್ದು, ಪಕ್ಕದ ಕೋಣೆಗೂ ಕೇಳುತ್ತದೆ. ಸಿಂಧನೂರು, ಮಾನ್ವಿ ಕಡೆಯ ಗದ್ದೆ ಏಡಿ ಸುಮ್ನೆ ಸಿಗುತ್ತದೆ ಅಂತ ಹಾಕಬೇಡಿ. ಭತ್ತಕ್ಕೆ ಹೊಡೆದ ಎಣ್ಣೆ ಅದರ ಮೈಯಲ್ಲಿರಬಹುದು. ಅದೇ ಕಾರಣಕ್ಕೆ ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ಜಿರಳೆ ಸ್ಪ್ರೇ ಕೂಡ ಬೇಡ.

ಕೆಲವು ಸಲ ಅದು ಬಿಲದ ಬಾಯಿ ಮುಚ್ಚಿ ಊಟ ಬಿಡುತ್ತದೆ. ಪೊರೆ ಬಿಡುತ್ತಿದೆ ಅಂತ ಅರ್ಥ. ಕಡ್ಡಿ ಹಾಕಿ ತಿವಿಯಬೇಡಿ, ಹೊಸ ಚಿಪ್ಪು ಗಟ್ಟಿಯಾದ ಮೇಲೆ ತಾನೇ ಬರುತ್ತದೆ. ಎರಡು ವಾರಕ್ಕೊಮ್ಮೆ ನೂರಕ್ಕೆ ಹತ್ತರಷ್ಟು ನೀರು ಬದಲಿಸಿ. ನಾಲ್ಕೈದು ದಿನ ಊರಿಗೆ ಹೋಗುವುದಿದ್ದರೆ ಪಕ್ಕದ ಮನೆಯವರಿಗೆ ಗೆರೆ ತೋರಿಸಿ, ನೀರಿನ ಕ್ಯಾನ್ ಕೊಟ್ಟು ಹೋಗಿ. ಊಟ ಮಾತ್ರ ಹಾಕಬೇಡಿ ಅಂತ ಹೇಳಿ.