ಪುಶ್ ಟ್ರಕ್ಕಿನವರು, ಟೋ ಟ್ರಕ್ಕಿನವರು, ನಾವು ರೇಸ್ ಟೀಮಿನವರು: ನನ್ನ ಅನುಭವ

ಸ್ಪ್ರಿಂಟ್ ಕಾರ್ ಅಂದ್ರೆ ಮಣ್ಣಿನ ಟ್ರ್ಯಾಕಲ್ಲಿ ಓಡೋ ರೇಸ್ ಕಾರು, ಅದಕ್ಕೆ ಸೆಲ್ಫ್ ಇಲ್ಲ. ಕ್ಲಚ್ ಇಲ್ಲ, ಗೇರ್ ಬಾಕ್ಸ್ ಇಲ್ಲ, ರಿವರ್ಸ್ ಅಂತೂ ಇಲ್ವೇ ಇಲ್ಲ. ಊರಿಗೆ ಹೋದಾಗ ಹೇಳಿದ್ರೆ ಯಾರೂ ನಂಬಲ್ಲ, "ಸುಮಾರು 900 ಹಾರ್ಸ್ ಪವರ್ ಅಂತೀಯ, ಸೆಲ್ಫ್ ಇಲ್ವಾ ಮಾರಾಯ" ಅಂತಾರೆ. ದೊಡ್ಡ ಕ್ಲಾಸಿನ ಕಾರಲ್ಲಿ 410 ಕ್ಯೂಬಿಕ್ ಇಂಚು ವಿ8, ಅಂದ್ರೆ 6.7 ಲೀಟರ್, ಡ್ರೈವರ್ ಕೂತ್ರೂ ಇಡೀ ಗಾಡಿ 640 ಕೆಜಿ ಆಸುಪಾಸು. ತೂಕ ಉಳಿಸೋಕೆ ಬೇಡದ್ದೆಲ್ಲಾ ಕಿತ್ತು ಹಾಕಿದ್ದಾರೆ, ಸ್ಟಾರ್ಟ್ ಮಾಡೋ ಕೆಲಸ ಹಿಂದಿಂದ ಬಂದು ತಳ್ಳೋ ಪಿಕಪ್ ಟ್ರಕ್‌ದು, ಅದೇ ಪುಶ್ ಟ್ರಕ್. ಬ್ಯಾಟರಿ ಸತ್ತ ಅಂಬಾಸಿಡರ್‌ನ ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡ್ತಿದ್ವಲ್ಲ, ಅದೇ ಲೆಕ್ಕ, ಆದ್ರೆ ಇಲ್ಲಿ ಬಿಡೋಕೆ ಕ್ಲಚ್ಚೇ ಇಲ್ಲ, ಮೊದಲೇ ಲಿವರ್ ಎಳೆದು ಇಂಜಿನ್ನನ್ನ ಚಕ್ರಕ್ಕೆ ಜೋಡಿಸಿಕೊಂಡು (ಇದಕ್ಕೇ ಇಲ್ಲಿ ಗೇರಲ್ಲಿ ಹಾಕೋದು ಅನ್ನೋದು) ಕೂರಬೇಕು, ಟ್ರಕ್ ತಳ್ಳಿದ ತಕ್ಷಣ ಚಕ್ರದ ಜೊತೆ ಇಂಜಿನ್ನೂ ತಿರುಗುತ್ತೆ, ಆಯಿಲ್ ಪ್ರೆಷರ್ ಮುಳ್ಳು ಮೇಲೆ ಬರೋವರೆಗೂ ಡ್ರೈವರ್ ಕಾಯ್ತಾನೆ, ಆಮೇಲೆ ಫ್ಯೂಯಲ್ ಬಿಟ್ಟು, ಕಿಡಿ ಕೊಡೋ ಮ್ಯಾಗ್ನೆಟೋ ಸ್ವಿಚ್ ಆನ್ ಮಾಡ್ತಾನೆ, ಧಡ್ ಅಂತ ಶುರುವಾಗುತ್ತೆ, ಟ್ರಕ್ಕಿನ ಗ್ಲಾಸ್ ತುಂಬಾ ಕೆಸರು.

ರೇಸ್ ಮಧ್ಯೆ ಸ್ಪಿನ್ ಆಗಿ ನಿಂತ್ರೂ ಅಷ್ಟೇ, ಇಂಜಿನ್ ಆಫ್, ಮತ್ತೆ ಟ್ರಕ್ ಬಂದು ತಳ್ಳಬೇಕು. ಹಾಗಾಗಿ ಟ್ರಕ್ ಬರದಿದ್ರೆ ಎಷ್ಟು ದುಡ್ಡಿನ ಇಂಜಿನ್ ಇದ್ರೂ ಅದು ಮಣ್ಣಲ್ಲಿ ನಿಂತ ಕಬ್ಬಿಣವೇ. ಇಷ್ಟೆಲ್ಲಾ ಗೊತ್ತಿದ್ದೂ ಟೀಮಿನವರು ಟ್ರಕ್ಕಿನವರ ಮೇಲೆ ಕೂಗಾಡೋದು, ಟ್ರಕ್ಕಿನವರು "ಬೇಕಾದ್ರೆ ನೀವೇ ತಳ್ಕೊಳ್ಳಿ" ಅಂತ ಮುಖ ತಿರುಗಿಸೋದು, ಎರಡೂ ಕಡೆ ಕೂತು ನೋಡಿದ್ದೀನಿ.

ನಾನಿರೋದು ಅಮೆರಿಕದ ಅಯೋವಾದಲ್ಲಿ, ಡಿಮೊಯ್ನ್ ಹತ್ರ, ಕೆಲಸ ಐಟಿ. ಇಲ್ಲಿಂದ ಮುಕ್ಕಾಲು ಗಂಟೆ ಹೋದ್ರೆ ನಾಕ್ಸ್‌ವಿಲ್, 1961ರಲ್ಲಿ ಶುರುವಾದ ನಾಕ್ಸ್‌ವಿಲ್ ನ್ಯಾಷನಲ್ಸ್ ನಡೆಯೋ ಅರ್ಧ ಮೈಲಿ ಮಣ್ಣಿನ ಟ್ರ್ಯಾಕು, ಪಕ್ಕದಲ್ಲೇ ಸ್ಪ್ರಿಂಟ್ ಕಾರಿನ ಮ್ಯೂಸಿಯಂ. ಆಗಸ್ಟ್‌ನಲ್ಲಿ ಇಲ್ಲಿನವರಿಗೆ ಅದೇ ಜಾತ್ರೆ. ಆದ್ರೆ ನಾನು ಇಲ್ಲಿ ಹೇಳ್ತಿರೋದು ಆ ದೊಡ್ಡ ಟ್ರ್ಯಾಕ್ ಬಗ್ಗೆ ಅಲ್ಲ, ಸುತ್ತಮುತ್ತ ಚಿಕ್ಕ ಟ್ರ್ಯಾಕುಗಳಿವೆ, ಅಲ್ಲಿಂದು, ಹೆಸರು ಬೇಡ. ಆಫೀಸಲ್ಲಿ ಜೊತೆಗಿದ್ದವನ ಭಾವಮೈದ 305 ಕ್ಲಾಸಲ್ಲಿ, ಅಂದ್ರೆ 305 ಕ್ಯೂಬಿಕ್ ಇಂಚಿನ ಚಿಕ್ಕ ಇಂಜಿನ್ ಕಾರಲ್ಲಿ, ಓಡಿಸ್ತಿದ್ದ, ಒಂದ್ಸಲ ಬಾ ಅಂದ್ರು, ಹೋದೆ, ಕೈಗೊಂದು ಸ್ಕ್ರೇಪರ್ ಕೊಟ್ಟು ಕಾರಿಗೆ ಮೆತ್ತಿದ್ದ ಮಣ್ಣು ಕೆರಿ ಅಂದ್ರು. ಹಂಗೇ ಟೀಮಿಗೆ ಸೇರಿದ್ದು. ಮಣ್ಣು ಕೆರಿಯೋದು, ಟೈರಲ್ಲಿ ತೂತಿದ್ಯಾ ನೋಡೋದು, ಪೆಟ್ರೋಲ್ ಬದಲು ಈ ಕಾರಿಗೆ ಹಾಕೋ ಮೆಥನಾಲ್ ತುಂಬಿಸುವಾಗ ಪಕ್ಕದಲ್ಲಿ ನೀರಿನ ಬಕೆಟ್ ಹಿಡ್ಕೊಂಡು ನಿಲ್ಲೋದು (ಮೆಥನಾಲ್ ಬೆಂಕಿ ಹಗಲಲ್ಲಿ ಕಣ್ಣಿಗೆ ಸರಿಯಾಗಿ ಕಾಣೋದೇ ಇಲ್ಲ, ನೀರು ಹಾಕಿದ್ರೆ ಆರುತ್ತೆ, ಅದೊಂದು ಪುಣ್ಯ).

ಟೀಮ್ ಕಡೆಯಿಂದ ನೋಡಿದಾಗ ಸಿಟ್ಟು ಯಾಕೆ ಬರುತ್ತೆ ಹೇಳ್ತೀನಿ. ಯೆಲ್ಲೋ ಬಿತ್ತು (ಎಲ್ಲರೂ ನಿಧಾನವಾಗಿ ಅನ್ನೋ ಹಳದಿ ಸಿಗ್ನಲ್), ನಮ್ಮ ಕಾರಿನ ಟೈರ್ ಪಂಚರ್, ರಿಪೇರಿಗೆ ಅಂತ ಬಿಟ್ಟಿರೋ ವರ್ಕ್ ಏರಿಯಾಗೆ ತಂದು ಟೈರ್ ಹಾಕಿದ್ವಿ, ಟೈಮ್ ಓಡ್ತಿದೆ, ಅಷ್ಟರಲ್ಲಿ ಟ್ರಕ್ ಬಂದು ತಳ್ಳಿದ್ರೆ ಸಾಲಿನ ಕೊನೆಗಾದ್ರೂ ಸೇರಬಹುದು, ಆದ್ರೆ ಟ್ರಕ್ ಆ ಕಡೆ ಮೂರನೇ ಟರ್ನಲ್ಲಿ ಇನ್ನೊಬ್ಬನ್ನ ತಳ್ತಿದೆ, ನಮ್ಮ ಓನರ್ ಬೇಲಿ ಹಿಡ್ಕೊಂಡು ಕೂಗಿದ್ದೇ ಕೂಗಿದ್ದು. ಅವರಿಗೆ ಕೇಳ್ಸೋದೂ ಇಲ್ಲ, ಕೇಳ್ಸಿದ್ರೂ ಬರೋ ಹಾಗಿಲ್ಲ, ಯಾಕಂದ್ರೆ ಟ್ರಕ್ಕಿನವರಿಗೆ ಯಾವ ಕಾರು ಮೊದಲು ಅಂತ ರೇಡಿಯೋದಲ್ಲಿ ಹೇಳೋದು ರೇಸ್ ಕಂಟ್ರೋಲ್, ಅಂದ್ರೆ ರೇಸ್ ನಡೆಸೋ ಅಫಿಷಿಯಲ್ಸ್. ಓನರ್ ಎಷ್ಟು ಕುಣಿದ್ರೂ ಅವರು ಆ ರೇಡಿಯೋ ಮಾತು ಮೀರಿದ್ರೆ ಆವತ್ತೇ ಮನೆಗೆ. ಇದು ನನಗೆ ಟ್ರಕ್ಕಲ್ಲಿ ಕೂತ ಮೇಲೆ ಅರ್ಥವಾದದ್ದು, ನಮ್ಮ ಓನರ್‌ಗೆ ಹತ್ತಾರು ವರ್ಷ ರೇಸ್ ನೋಡಿಯೂ ಗೊತ್ತಿರಲಿಲ್ಲ ಅಂದ್ರೆ ನಂಬ್ತೀರಾ.

ಟ್ರಕ್ಕಿಗೆ ಹೋಗಿದ್ದು ಹೇಗೆ ಅಂದ್ರೆ, ಒಂದು ಸೀಸನ್ ಮಧ್ಯೆ ನಮ್ಮ ಇಂಜಿನ್ ಹೋಯ್ತು, ಒಳಗಿನ ರಾಡ್ ಇಂಜಿನ್ ಬ್ಲಾಕ್ ಒಡ್ಕೊಂಡು ಆಚೆ ಬಂತು, ಹೊಸದಕ್ಕೆ ದುಡ್ಡಿಲ್ಲ, ಟೀಮ್ ಮನೇಲಿ ಕೂತ್ಕೊಂಡ್ತು. ನನಗೆ ಶನಿವಾರ ಸಾಯಂಕಾಲ ಕೈ ಕಡಿಯೋಕೆ ಶುರು. ಪುಶ್ ಟ್ರಕ್ ಓಡಿಸೋ ಅಜ್ಜ ಒಬ್ಬರಿದ್ರು, ಜೋಳ, ಸೋಯಾ ಬೆಳೆಯೋ ರೈತ, ಅವರ ಪಕ್ಕದ ಸೀಟು ಖಾಲಿ ಇತ್ತು, ಕೇಳಿದೆ, "ಶೂ ಗಟ್ಟಿ ಇದ್ಯಾ? ಹತ್ತು" ಅಂದ್ರು. ಮೊದಲು ಇಳಿದು ಹತ್ತಿ ಸಹಾಯ ಮಾಡೋದು, ಮುಂದಿನ ಸೀಸನ್ನಲ್ಲಿ ನಾನೇ ಓಡಿಸೋದು. ಆ ಟ್ರ್ಯಾಕಲ್ಲಿ ಇವರ್ಯಾರೂ ಸಂಬಳಕ್ಕೆ ಬರೋರಲ್ಲ. ಗಾಡಿ ಅವರದ್ದೇ, ಟ್ರ್ಯಾಕ್ ಕಡೆಯಿಂದ ಪಿಟ್ ಪಾಸು, ಒಂದಿಷ್ಟು ಪೆಟ್ರೋಲ್ ದುಡ್ಡು, ಅಷ್ಟೇ. ಟೀಮಿನವರು "ಅವರಿಗೇನು, ದುಡ್ಡು ತಗೋತಾರೆ ಮಾಡಲಿ" ಅನ್ನೋದನ್ನ ಕೇಳಿದಾಗ ಮೈ ಉರಿಯುತ್ತೆ.

ಸ್ಟೀರಿಂಗ್ ಹಿಡಿದ ಮೇಲೆ ಗೊತ್ತಾಗೋದು ಬೇರೆಯೇ. ಸ್ಪ್ರಿಂಟ್ ಕಾರಿನ ಹಿಂದಿನ ಬಂಪರ್ ಅಂದ್ರೆ ಒಂದು ಬಾಗಿಸಿದ ಪೈಪು, ಅದರ ಮೇಲೇ ಮೆಥನಾಲ್ ಟ್ಯಾಂಕು. ನಮ್ಮ ಟ್ರಕ್ಕಿನ ಮುಂದಿನ ಬಂಪರ್ ಒಂದು ಗೇಣು ಎತ್ತರ ಜಾಸ್ತಿ ಇದ್ರೆ ಪೈಪಿಗೆ ಬದಲು ಟ್ಯಾಂಕಿಗೇ ಒತ್ತುತ್ತೆ. ನೇರ ಮಧ್ಯಕ್ಕೆ ತಾಗಿಸದೆ ಒಂದು ಪಕ್ಕಕ್ಕೆ ತಾಗಿಸಿದ್ರೆ ಕಾರಿನ ಮೂತಿ ತಿರುಗಿಬಿಡುತ್ತೆ. ಗುದ್ದಬಾರದು, ಮೆಲ್ಲಗೆ ತಾಗಿಸಿ, ತಾಗಿದ್ದು ಡ್ರೈವರ್‌ಗೆ ಗೊತ್ತಾಗೋ ಹಾಗೆ ಒಂದು ಕ್ಷಣ ನಿಂತು, ಆಮೇಲೆ ಒತ್ತಬೇಕು. ಶುರುವಾದ ತಕ್ಷಣ ಕಾಲು ತೆಗೀಬೇಕು, ಆದ್ರೆ ತೀರಾ ಹಿಂದೆ ಉಳಿದ್ರೆ ಅದು ಒಂದು ಕೆಮ್ಮು ಕೆಮ್ಮಿ ಆಫ್ ಆದಾಗ ಮತ್ತೆ ಹಿಡಿಯೋಕಾಗಲ್ಲ. ಮೇನ್ ರೇಸಿಗೆ 20ಕ್ಕೂ ಹೆಚ್ಚು ಕಾರು ನಿಂತಿರುತ್ತೆ, ಬೆರಳೆಣಿಕೆಯ ಟ್ರಕ್ಕು, ಒಂದನ್ನ ಬಿಟ್ಟು ಸುತ್ತಿ ಬಂದು ಮುಂದಿಂದು, ಮೊದಲು ಶುರುವಾದವನ ಇಂಜಿನ್ ಬಿಸಿ ಏರ್ತಾ ಇರುತ್ತೆ, ಕೊನೆಯವನು ಇನ್ನೂ ಕೈ ಬೀಸ್ತಾ ಇರ್ತಾನೆ.

ಕೈ ಬೀಸೋದು ಅಂದ್ನಲ್ಲ, ಜಗಳದ ಮೂಲ ಅಲ್ಲೇ ಇರೋದು. ಡ್ರೈವರ್ ಕಿವಿಲಿರೋ ರೇಡಿಯೋ ಒನ್ ವೇ, ಕಂಟ್ರೋಲ್ ಹೇಳಿದ್ದು ಅವನಿಗೆ ಕೇಳುತ್ತೆ, ಅವನು ವಾಪಸ್ ಮಾತಾಡೋ ಹಾಗಿಲ್ಲ. ನಮಗೂ ಅವನಿಗೂ ಮಧ್ಯೆ ಇರೋ ಭಾಷೆ ಕೈ, ತಲೆ ಅಷ್ಟೇ. ಅದ್ರಲ್ಲೂ ಕಾರು ಪಲ್ಟಿಯಾದಾಗ ಕೈ ಆಚೆ ಹೋಗದಿರಲಿ ಅಂತ ತೋಳಿಗೆ ಪಟ್ಟಿ ಕಟ್ಟಿರ್ತಾರೆ, ಮೇಲೆ ರೆಕ್ಕೆ, ಪಕ್ಕದಲ್ಲಿ ಪೈಪು, ಹಿಂದಿನ ಟ್ರಕ್ಕಿನವನಿಗೆ ಕಾಣೋದು ಗ್ಲೌಸಿನ ತುದಿ. ಒಬ್ಬನಿಗೆ ಕೈ ಎತ್ತಿದ್ರೆ "ತಳ್ಳು" ಅಂತ, ಇನ್ನೊಬ್ಬನಿಗೆ "ನಿಲ್ಸು" ಅಂತ. ತಳ್ಳಿದ್ರೆ ಯಾಕೆ ತಳ್ಳಿದೆ ಅಂತಾನೆ, ತಳ್ಳದಿದ್ರೆ ಯಾಕೆ ತಳ್ಳಲಿಲ್ಲ ಅಂತಾನೆ.

ಹಾಗಾಗಿ ನಮ್ಮ ಟೀಮ್ ಮತ್ತೆ ಎದ್ದು ನಿಂತಾಗ ನಾನು ಓನರ್ ಹತ್ರ ಒಂದೇ ಕೇಳಿಕೊಂಡೆ, ಹಾಟ್ ಲ್ಯಾಪ್ಸ್‌ಗೆ (ರೇಸಿಗೆ ಮೊದಲಿನ ಪ್ರಾಕ್ಟೀಸ್ ಸುತ್ತು) ಮುಂಚೆ ಡ್ರೈವರ್ ಮತ್ತೆ ಟೀಮಿಂದ ಒಬ್ರು ಟ್ರಕ್ಕುಗಳು ನಿಲ್ಲೋ ಕಡೆ ಹೋಗಿ ಮಾತಾಡಿ ಬರಬೇಕು ಅಂತ. ಡ್ರೈವರ್ಸ್ ಮೀಟಿಂಗಲ್ಲಿ ಎಲ್ಲರ ಮುಂದೆ "ಥ್ಯಾಂಕ್ಸ್ ಟು ಅವರ್ ಪುಶ್ ಟ್ರಕ್ಸ್" ಅಂತ ಮೈಕಲ್ಲಿ ಹೇಳೋದು ಸಾಕಾಗಲ್ಲ, ಅದು ಮದುವೆ ಮನೆ ಸ್ವಾಗತ ಭಾಷಣ, ಯಾರೂ ಕೇಳಿಸ್ಕೊಳ್ಳಲ್ಲ. ಹೋಗಿ ಹೇಳಬೇಕಾದ್ದು ಕೆಲಸದ ಮಾತು: ನಮ್ಮವನು ರೆಡಿ ಆದ್ರೆ ಎಡಗೈ ಹೆಬ್ಬೆರಳು ಎತ್ತುತ್ತಾನೆ, ಬೇಡ ಅಂದ್ರೆ ಅಂಗೈ ಅಡ್ಡ ಆಡಿಸ್ತಾನೆ, ನಮ್ಮ ಇಂಜಿನ್‌ಗೆ ಪ್ರೆಷರ್ ಬರೋಕೆ ಸ್ವಲ್ಪ ಜಾಸ್ತಿ ದೂರ ಬೇಕು ಬೇಗ ಬಿಡಬೇಡಿ, ನಮ್ಮ ಬಂಪರ್ ಸ್ವಲ್ಪ ಕೆಳಗಿದೆ ನೋಡ್ಕೊಳ್ಳಿ. ಎರಡು ನಿಮಿಷದ ಕೆಲಸ. ಆ ಅಜ್ಜ ಇದನ್ನ ಕೇಳಿ ಏನೂ ಹೇಳಲಿಲ್ಲ, ಟೇಪ್ ತಗೊಂಡು ಬಂದು ನಮ್ಮ ಬಂಪರ್ ಎತ್ತರ ಅಳೆದ್ರು.

ಟೋ ಟ್ರಕ್ಕಿನ ಕಥೆ ಇನ್ನೂ ಕಷ್ಟ, ಯಾಕಂದ್ರೆ ಅವರು ಬರೋ ಹೊತ್ತಿಗೆ ಕಾರು ಆಗಲೇ ಮುರಿದಿರುತ್ತೆ, ಟೀಮಿನವರ ಹೊಟ್ಟೆ ಉರೀತಿರುತ್ತೆ. ಒಂದು ಟ್ರ್ಯಾಕಲ್ಲಿ ನಮ್ಮ ಕಾರು ಎರಡನೇ ಟರ್ನಲ್ಲಿ ಪಲ್ಟಿ ಹೊಡೀತು, ಡ್ರೈವರ್‌ಗೆ ಏನೂ ಆಗಲಿಲ್ಲ, ಆದ್ರೆ ಎತ್ತುವಾಗ ಹುಕ್ಕನ್ನ ರೇಡಿಯಸ್ ರಾಡಿಗೆ, ಅಂದ್ರೆ ಆಕ್ಸಲ್‌ನ ಹಿಡಿದಿಡೋ ಸೂಕ್ಷ್ಮ ರಾಡಿಗೆ, ಹಾಕಿ ಎಳೆದುಬಿಟ್ರು. ಪಲ್ಟಿಯಲ್ಲಿ ಉಳಿದಿದ್ದ ರಾಡು ಟೋಯಿಂಗಲ್ಲಿ ಬಾಗಿತು. ಓನರ್ ಅಲ್ಲೇ ಅವರ ಮೇಲೆ ಏರಿ ಹೋದ್ರು, ಅವರೂ ಬಿಡಲಿಲ್ಲ, ಅಫಿಷಿಯಲ್ಸ್ ಬಂದು ಬಿಡಿಸಬೇಕಾಯ್ತು. ಯೋಚಿಸಿ ನೋಡಿದ್ರೆ, ಒಂದೇ ರಾತ್ರಿ ಬೇರೆ ಬೇರೆ ಚಾಸಿ ಬರುತ್ತೆ, ಕತ್ತಲೆ, ಮೈ ತುಂಬಾ ಕೆಸರು, ಗ್ರಾಂಡ್‌ಸ್ಟ್ಯಾಂಡಲ್ಲಿ ಜನ ಬೇಗ ಬೇಗ ಅಂತ ಸೀಟಿ ಹೊಡೀತಿರ್ತಾರೆ, ಪ್ರಮೋಟರ್ ರೇಡಿಯೋದಲ್ಲಿ ಬೇಗ ಅಂತಾರೆ, ಯಾವ ಪೈಪು ಗಟ್ಟಿ ಯಾವುದು ಸೂಕ್ಷ್ಮ ಅಂತ ಅವರು ಹೇಗೆ ಹುಡುಕಬೇಕು?

ಅದಾದ ಮೇಲೆ ನಾವು ಹುಕ್ ಹಾಕಬಹುದಾದ ಜಾಗಕ್ಕೆಲ್ಲಾ ಕಣ್ಣಿಗೆ ಹೊಡೆಯೋ ಕಿತ್ತಳೆ ಬಣ್ಣದ ಟೇಪ್ ಸುತ್ತಿದ್ವಿ, ರೋಲ್ ಕೇಜ್ ಮೇಲೆ, ಮುಂದಿನ ಬಂಪರ್ ಮೇಲೆ. ಇಂಜಿನ್ ಗೇರಲ್ಲಿದ್ಯಾ ಇಲ್ವಾ ನೋಡೋ ಲಿವರ್‌ಗೂ ಅದೇ ಟೇಪು, ಯಾಕಂದ್ರೆ ಗೇರಲ್ಲಿರೋ ಕಾರನ್ನ ಮುಂದಗಡೆ ಎತ್ತಿ ಎಳೆದ್ರೆ ಹಿಂದಿನ ಚಕ್ರ ಇಂಜಿನ್ನನ್ನೂ ತಿರುಗಿಸಿಕೊಂಡು ಬರುತ್ತೆ, ಒಳಗೆ ಏನಾದ್ರೂ ಮುರಿದಿದ್ರೆ ಮುಗೀತು. ಡ್ರೈವರ್‌ಗೂ ಹೇಳಿದ್ವಿ, ಮೈ ಸರಿಯಿದ್ರೆ ಇಳಿಯೋಕೆ ಮುಂಚೆ ಫ್ಯೂಯಲ್ ಆಫ್, ಸ್ವಿಚ್ ಆಫ್, ಗೇರಿಂದ ಆಚೆ, ಆಮೇಲೆ ಟ್ರಕ್ಕಿನವರ ಜೊತೆ ಒಂದು ಮಾತು. ಡ್ರೈವರ್ ಆಂಬುಲೆನ್ಸಲ್ಲಿ ಹೋದ್ರೆ ಸ್ಟೀರಿಂಗ್ ಹಿಡಿಯೋಕೆ ಜನ ಇರಲ್ಲ, ಆಗ ತಳ್ಳೋ ಮಾತೇ ಇಲ್ಲ, ಎತ್ತಲೇಬೇಕು, ಅದಕ್ಕೆ ಟೀಮ್ ಹುಡುಗ ಒಬ್ಬ ಗೇಟ್ ಹತ್ರ ನಿಂತಿರ್ತಾನೆ, ಅಫಿಷಿಯಲ್ ಕರೆದ್ರೆ ಮಾತ್ರ ಒಳಗೆ ಹೋಗಿ ಹುಕ್ ತೋರಿಸ್ತಾನೆ.

ಕರೆದ್ರೆ ಮಾತ್ರ ಅನ್ನೋದನ್ನ ಒತ್ತಿ ಹೇಳ್ತೀನಿ. ರೆಡ್ ಬಿದ್ದು ರೇಸ್ ನಿಂತ ತಕ್ಷಣ ಟೀಮಿನವರು ಟ್ರ್ಯಾಕಿಗೆ ನುಗ್ಗೋದು ಟ್ರಕ್ಕಲ್ಲಿ ಕೂತಾಗ ನನ್ನ ಎದೆ ಒಡೆಸಿದ ಸಂಗತಿ, ಹಿಂದೆ ಬರೋ ಟ್ರಕ್ಕಿನವನಿಗೆ ಕತ್ತಲಲ್ಲಿ ಕಪ್ಪು ಟೀಶರ್ಟ್ ಕಾಣಲ್ಲ. 2014ರ ಆಗಸ್ಟಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾನಂಡೈಗುವಾದಲ್ಲಿ ಕೆವಿನ್ ವಾರ್ಡ್ ಜೂನಿಯರ್ ಅನ್ನೋ 20 ವರ್ಷದ ಹುಡುಗ ಸ್ಪ್ರಿಂಟ್ ಕಾರಿಂದ ಇಳಿದು ಟ್ರ್ಯಾಕಲ್ಲಿ ನಡೆದಾಗ ಇನ್ನೊಂದು ಕಾರು ಬಡಿದು ತೀರಿಕೊಂಡ. ಸೇಫ್ಟಿಯವರು ಬರೋವರೆಗೂ ಕಾರಲ್ಲೇ ಕೂತಿರಿ ಅನ್ನೋದನ್ನ ಆಮೇಲೆ ತುಂಬಾ ಕಡೆ ಕಟ್ಟುನಿಟ್ಟು ಮಾಡಿದ್ರು. ಎಫ್1 ನೋಡೋರಿಗೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಜಪಾನಿನ ಸುಜುಕಾದಲ್ಲಿ ಡ್ರೈವರ್ ಜೂಲ್ಸ್ ಬಿಯಾಂಕಿ ಕಾರು ರಿಕವರಿ ಟ್ರ್ಯಾಕ್ಟರಿಗೆ ಹೊಡೆದದ್ದು ನೆನಪಿರುತ್ತೆ. ಆದ್ರೆ ಅದರ ಹಿಂದಿನ ವರ್ಷ, 2013ರ ಕೆನಡಾ ಗ್ರ್ಯಾನ್ ಪ್ರೀ ಮುಗಿದ ಮೇಲೆ, ನಿಂತ ಕಾರನ್ನ ವಾಪಸ್ ತರುವಾಗ ಅದನ್ನ ತರ್ತಿದ್ದ ರಿಕವರಿ ಗಾಡಿಯ ಕೆಳಗೇ ಸಿಕ್ಕಿ ಒಬ್ಬ ಮಾರ್ಷಲ್ (ಟ್ರ್ಯಾಕ್ ನೋಡ್ಕೊಳ್ಳೋ ಸಿಬ್ಬಂದಿ) ಸತ್ತದ್ದು ಎಷ್ಟು ಜನಕ್ಕೆ ನೆನಪಿದೆ? ನಮ್ಮ ಕಣ್ಣು ಯಾವಾಗ್ಲೂ ರೇಸ್ ಕಾರಿನ ಮೇಲೇ.

ಇನ್ನು ದುಡ್ಡು ಕಾಸಿನ ವಿಷಯ. ಅಜ್ಜನ ಟ್ರಕ್ಕಿನ ಬಂಪರ್ ರಬ್ಬರ್ ಹರಿದು ಕಬ್ಬಿಣ ಆಚೆ ಬಂದಿತ್ತು, ನಮ್ಮ ಬಂಪರ್ ಪೈಪಿಗೆ ಅದರಿಂದಲೇ ಗೀರು ಬೀಳ್ತಿತ್ತು. ಬೈಯೋ ಬದಲು ನಮ್ಮ ಓನರ್ (ಹೌದು, ಅದೇ ಓನರ್) ಅವರೂರಿನ ಧಾನ್ಯದ ಗೋದಾಮಲ್ಲಿ ಬಿಸಾಕಿದ್ದ ಹಳೇ ಕನ್ವೇಯರ್ ಬೆಲ್ಟ್ ತಂದು ಕತ್ತರಿಸಿ ಬೋಲ್ಟ್ ಹಾಕಿಸಿದ್ರು. ಮುಂದಿನ ವಾರ ಇನ್ನೆರಡು ಟ್ರಕ್ಕಿನವರು ನಮಗೂ ಬೇಕು ಅಂತ ಬಂದ್ರು, ಕೊಟ್ವಿ. ಅದಾದ ಮೇಲೆ ವರ್ಕ್ ಏರಿಯಾಗೆ ಟ್ರಕ್ ಬೇಗ ಬರುತ್ತಾ ಅಂತ ಕೇಳಿದ್ರೆ, ಇಲ್ಲ, ಕಂಟ್ರೋಲ್ ಹೇಳಿದಾಗಲೇ ಬರುತ್ತೆ, ಅದು ಹಾಗೇ ಇರಬೇಕು ಕೂಡ. ಆದ್ರೆ ಬಂದಾಗ ನಮ್ಮ ಕಾರಿಗೆ ಹೇಗೆ ತಾಗಿಸಬೇಕು ಅಂತ ಗೊತ್ತಿರುತ್ತೆ, ಎರಡನೇ ಸಲ ತಳ್ಳೋ ಪ್ರಮೇಯ ಕಮ್ಮಿ.

ಈ ಕಡೆ ಇರೋ ನಮ್ಮವರು ಯಾರಾದ್ರೂ ಬರ್ತೀನಿ ಅಂದ್ರೆ, ಸೀಸನ್ ಸಾಮಾನ್ಯವಾಗಿ ಏಪ್ರಿಲ್‌ಗೆ ಶುರು, ಅದಕ್ಕೆ ಮುಂಚೆ ಟ್ರ್ಯಾಕ್ ಆಫೀಸಿಗೆ ಹೋಗಿ ಪುಶ್ ಟ್ರಕ್ ನೋಡ್ಕೊಳ್ಳೋರು ಯಾರು ಅಂತ ಕೇಳಿ, ಪಕ್ಕದ ಸೀಟಿಂದ ಶುರು ಮಾಡಿ. ಟ್ರಕ್ ಇನ್ಶೂರೆನ್ಸ್ ರೇಸ್ ಟ್ರ್ಯಾಕ್ ಒಳಗೆ ನಡೆಯುತ್ತಾ ಅಂತ ಮೊದಲೇ ವಿಚಾರಿಸ್ಕೊಳ್ಳಿ, ತುಂಬಾ ಪಾಲಿಸಿಗಳಲ್ಲಿ ನಡೆಯಲ್ಲ. ಬಟ್ಟೆ ಕಣ್ಣಿಗೆ ಕಾಣೋ ಬಣ್ಣದ್ದಿರಲಿ. ವೈಪರ್ ಬ್ಲೇಡು ಎರಡು ಜೊತೆ ಜಾಸ್ತಿ ಇಟ್ಕೊಳ್ಳಿ, ಆ ಕೆಸರಿಗೆ ಒಂದು ಸೀಸನ್ ಬರಲ್ಲ.